ದಿಕೇ

ಕಿಯೋಸ್ ದ್ವೀಪದ ಕೋರ್ಟಿನಲ್ಲಿ ನಾನು ಗುಮಾಸ್ತ.
ಹತ್ತೊಂಬತ್ತು ವರ್ಷ ರಟ್ಟಿನ ಕಡತಗಳ ಮೇಲೆ
ಒಂದೇ ಪದ ಬರೆಯುತ್ತ ಬಂದಿದ್ದೇನೆ: ದೀಕಿ.
ಈಗ ನಮ್ಮಲ್ಲಿ ಅದಕ್ಕೆ ಮೊಕದ್ದಮೆ ಎಂದೇ ಅರ್ಥ.
ಅಂದರೆ ವಾಯಿದೆ, ಮೊಹರು, ವಕೀಲರ ಕೆಮ್ಮು,
ಹೊರಗಿನ ಬೆಂಚಿನ ಮೇಲೆ ಯಾರೋ ಮರೆತ ಕಾಫಿ.

ಹಳೆಯ ಗ್ರೀಕು ಕಲಿಸಿದ ಪ್ರೋದ್ರೊಮೊಸ್ ಮೇಷ್ಟ್ರು
ಅದನ್ನೇ ದಿಕೇ ಎನ್ನುತ್ತಿದ್ದರು, ಕೊನೆಯನ್ನು ಎಳೆದು.
ಮೊದಲಿಗೆ ಅದಕ್ಕೆ ತಕ್ಕಡಿ ಇರಲಿಲ್ಲವಂತೆ,
ಕಣ್ಣಿಗೆ ಕಟ್ಟಿದ ಬಟ್ಟೆಯೂ.
ನಾಯಿಗೆ ನಾಯಿಯ ದಿಕೇ, ನೀರಿಗೆ ನೀರಿನದು:
ಅವರವರ ರೀತಿ, ನಡೆದು ನಡೆದು ಬಿದ್ದ ಜಾಡು.
ಅದಕ್ಕೂ ಹಿಂದೆ, ಪದದ ಬೇರಿನಲ್ಲಿ,
ಬರೀ ಚಾಚಿದ ಒಂದು ಬೆರಳು.
ಅಗೋ, ಅಲ್ಲಿ, ಅನ್ನುವಷ್ಟೇ.
ಅದೇ ಬೇರು ಮೂಡಣಕ್ಕೆ ಹೋಗಿ ದಿಕ್ಕು ಆಯಿತಂತೆ;
ಅಲ್ಲಿ ಯಾರೂ ಇಲ್ಲದವರು
ನನಗಿನ್ನು ಯಾರು ದಿಕ್ಕು ಎಂದು ಅಳುತ್ತಾರಂತೆ.
ನಾವು ನಕ್ಕಿದ್ದೆವು. ಹದಿನಾಲ್ಕರ ಹುಡುಗರು,
ಕಿಟಕಿಯಾಚೆ ಕಡಲು.

ಮೊನ್ನೆ ಸೆಪ್ಟೆಂಬರಿನಲ್ಲಿ
ದಕ್ಷಿಣದ ಹಳ್ಳಿಯೊಂದರಿಂದ ಕಡತ ಬಂತು.
ಇಸಿದೊರೊಸ್, ಅವನ ದಾಯಾದಿ ಪಂಡೆಲಿಸ್.
ನಡುವೆ ಹನ್ನೊಂದು ಮಸ್ತಿಹಾ ಮರ:
ತೊಗಟೆ ಗೀರಿದರೆ ಅಂಟು ಅಳುವ ಗಿಡ್ಡ ಮರಗಳು,
ಬುಡಕ್ಕೆ ಬಿಳಿಮಣ್ಣು ಹಾಸಿ
ಹನಿ ಹನಿಯನ್ನೂ ಲೆಕ್ಕವಿಡುತ್ತಾರೆ.
ಗಡಿಯಲ್ಲಿ ಕಲ್ಲಿತ್ತು ಎಂದು ಇಬ್ಬರೂ ಒಪ್ಪುತ್ತಾರೆ.
ಎಲ್ಲಿ ಎಂದರೆ ಇಬ್ಬರಿಗೂ ಕೋಪ.

ನ್ಯಾಯಾಧೀಶೆ ಖುದ್ದಾಗಿ ಬಂದರು. ಬೂಟಿಗೆ ಬಿಳಿಮಣ್ಣು.
ಸರ್ವೆಯವನು ಮೂರು ಕಾಲಿನ ಯಂತ್ರ ನೆಟ್ಟು
ಆಕಾಶದ ಉಪಗ್ರಹಗಳನ್ನು ಕೇಳುತ್ತಿದ್ದ.
ಆಮೇಲೆ ಪಿಕಪ್ ಗಾಡಿಯಿಂದ ಇಳಿಸಿದರು
ಎಂಬತ್ತಾರರ ಮರ್ಕೆಲ್ಲಾಳನ್ನು,
ಆ ಕಲ್ಲು ನೋಡಿದವರಲ್ಲಿ ಉಳಿದವಳು ಅವಳೊಬ್ಬಳೇ.
ಪ್ರಮಾಣ ಮಾಡಿಸಬೇಕಿತ್ತು, ನಾನು ಮರೆತೆ.

ಅಜ್ಜಿ, ಎಲ್ಲಿತ್ತು, ತೋರಿಸಿ.

ಕೈ ಎತ್ತಿದಳು.
ಜೀವಮಾನವಿಡೀ ತೊಗಟೆ ಗೀರಿ ಗೀರಿ
ಬೇರಿನಂತೆ ಡೊಂಕಾದ ಬೆರಳು.
ನೇರ ದಿಕೇ, ಡೊಂಕು ದಿಕೇ ಎಂದು
ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗೆರೆ ಎಳೆದದ್ದು ನೆನಪಾಯಿತು.
ಇಬ್ಬರು ವಕೀಲರೂ ಉಸಿರು ಹಿಡಿದರು.
ಬೆರಳು ಎಡಕ್ಕೂ ಹೋಗಲಿಲ್ಲ, ಬಲಕ್ಕೂ.
ಹೊಲ ಬಿಟ್ಟು, ನಮ್ಮೆಲ್ಲರ ತಲೆ ಬಿಟ್ಟು
ಊರ ಕಡೆ ತಿರುಗಿತು,
ಅವಳದೇ ಮನೆಯ ನೀಲಿ ಬಾಗಿಲಿಗೆ.

'ನನ್ನ ಮೆಟ್ಟಿಲು.
ಮದುವೆಯಾದ ವರ್ಷ, ರಾತ್ರಿ, ಹೇಸರಗತ್ತೆಯ ಮೇಲೆ
ಹೇರಿಕೊಂಡು ಬಂದರು ನಮ್ಮವರು.
ಬಾಗಿಲು ಎತ್ತರ, ನಾನು ಕುಳ್ಳಿ.
ಅರವತ್ತಾರು ವರ್ಷ ತುಳಿದಿದ್ದೇನೆ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.'

ಇನ್ನೊಬ್ಬರತ್ತ ಬೊಟ್ಟು ಮಾಡಲು
ದಿನಾ ಜನ ಬರುತ್ತಾರೆ ನನ್ನ ಕೋರ್ಟಿಗೆ.

ಹಾರೆ ಹಾಕಿ ಕಲ್ಲು ಮಗುಚಿದರು.
ಅಡಿಯಲ್ಲಿ ತಾತಂದಿರು ಕೊರೆದ ಗುರುತು, ಎರಡು ಗೀರು,
ಅದರಲ್ಲೊಂದು ಎರೆಹುಳು.
ಕಲ್ಲು ತಾನು ಯಾರೆಂದು ಹೇಳಿತು,
ಎಲ್ಲಿ ನಿಂತಿದ್ದೆನೆಂದು ಹೇಳಲಿಲ್ಲ.
ಅವಳಿಗೂ ಅದು ನೆನಪಿಲ್ಲ.
ಆ ರಾತ್ರಿ ಅವಳು ಹೊಲಕ್ಕೆ ಹೋಗಿರಲಿಲ್ಲ,
ಲಾಟೀನು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು.

ಜನವರಿಗೆ ಮುಂದೂಡಿದರು.
ಸಂಜೆಯಾಗಿತ್ತು. ಮೆಟ್ಟಿಲಿಲ್ಲದ ಬಾಗಿಲು
ಅವಳ ಮೊಣಕಾಲಿಗಿಂತ ಮೇಲೆ.
ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ನಿಂತಳು.
ಆಗ ಇಸಿದೊರೊಸ್ ಒಂದು ರಟ್ಟೆ, ಪಂಡೆಲಿಸ್ ಒಂದು ರಟ್ಟೆ,
ಒಬ್ಬರ ಮುಖ ಒಬ್ಬರು ನೋಡದೆ
ಅವಳನ್ನು ಅವಳ ಮನೆಯೊಳಗೆ ಎತ್ತಿ ಇಟ್ಟರು.
ನಡಾವಳಿಯಲ್ಲಿ ಇದಕ್ಕೆ ಕಲಮು ಇರಲಿಲ್ಲ.
ಸಾಕ್ಷಿ ಬೆರಳಿನಿಂದ ತೋರಿಸಿದಳು ಎಂದಷ್ಟೇ ಬರೆದೆ.

ಕಲ್ಲು ಈಗ ದಾಖಲೆ ಕೋಣೆಯ ಬಾಗಿಲಲ್ಲಿದೆ,
ಕೆಂಪು ಬಣ್ಣದಲ್ಲಿ ನಂಬರು ಬಳಿದಿದ್ದೇನೆ.
ನಡುವೆ ಸವೆದ ಗುಳಿ, ಸಣ್ಣ ಪಾದದಷ್ಟು.
ಒಳಗೆ ಹೋಗುವಾಗ, ಹೊರಗೆ ಬರುವಾಗ
ದಾಟುತ್ತೇನೆ.
ತುಳಿಯುವುದಿಲ್ಲ.